ಕೂತು ಸುತ್ತಿದ ಬೆಕ್ಕಿನ ಮರಿ

(ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಾಡುವಾಗ ಅಲ್ಲಲ್ಲಿ ದಾರಿ ಬಿಟ್ಟು ಹೋಗಿದ್ದನ್ನು ಸ್ವಲ್ಪ ಸರಿ ಮಾಡಿದ್ದೇನೆ, ಪೂರ್ತಿ ಅಲ್ಲ. ಕೊನೆಗೆ ಕೇಳುಗರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಪ್ರಶ್ನೆ ಇಷ್ಟೇ: ನಮ್ಮ ಬದುಕಿನಲ್ಲಿ ನಾವೇ ಆರಿಸಿಕೊಂಡು ನಡೆಯುತ್ತೇವಾ, ಇಲ್ಲ ಅದು ಎಳೆದತ್ತ ಸುಮ್ಮನೆ ಸಾಗುತ್ತೇವಾ? ಪೀಠಿಕೆ ಬೇಡ, ನೇರವಾಗಿ ಒಂದು ಪ್ರಯೋಗದಿಂದಲೇ ಶುರು ಮಾಡುತ್ತೇನೆ. ಅಮೆರಿಕದ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ಇಬ್ಬರು ಮನೋವಿಜ್ಞಾನಿಗಳು 1963ರಲ್ಲಿ ಇದನ್ನು ಪ್ರಕಟಿಸಿದರು. ಕತ್ತಲಲ್ಲೇ ಬೆಳೆದ ಬೆಕ್ಕಿನ ಮರಿಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡರು. ಒಂದು ದುಂಡನೆಯ ಗೋಡೆ, ಗೋಡೆಯ ಒಳಮೈಗೆಲ್ಲ ಉದ್ದುದ್ದ ಪಟ್ಟೆ. ನಡುವೆ ಒಂದು ಕಂಬ, ಅದರ ಮೇಲೆ ಅಡ್ಡಕ್ಕೆ ತಿರುಗುವ ಒಂದು ಕೋಲು. ಕೋಲಿನ ಒಂದು ತುದಿಗೆ ಒಂದು ಮರಿಯನ್ನು ಪಟ್ಟಿ ಹಾಕಿ ಕಟ್ಟಿದ್ದಾರೆ. ಅದರ ಕಾಲು ನೆಲದ ಮೇಲಿವೆ. ಬೇಕಾದಾಗ ನಡೆಯಬಹುದು, ಬೇಕಾದಾಗ ನಿಲ್ಲಬಹುದು. ಇನ್ನೊಂದು ತುದಿಯಲ್ಲಿ ಒಂದು ಪುಟ್ಟ ಡಬ್ಬ ನೇತಾಡುತ್ತಿದೆ. ಎರಡನೆಯ ಮರಿ ಅದರೊಳಗೆ ಕೂತಿದೆ. ತಲೆ ಆಚೆ, ಕಾಲು ಒಳಗೆ. ಮೊದಲನೆಯ ಮರಿ ಎರಡು ಹೆಜ್ಜೆ ಇಟ್ಟರೆ ಎರಡನೆಯದೂ ಕೂತಲ್ಲೇ ಅಷ್ಟೇ ದೂರ ಸಾಗುತ್ತದೆ. ಅದು ತಿರುಗಿದರೆ ಇದೂ ತಿರುಗುತ್ತದೆ.

ದಿನಕ್ಕೆ ಮೂರು ಗಂಟೆ ಹೀಗೆ. ಮಿಕ್ಕ ಹೊತ್ತೆಲ್ಲ ಕತ್ತಲಲ್ಲಿ. ಅಂದರೆ ಎರಡೂ ಮರಿಗಳ ಕಣ್ಣಿಗೆ ಬಿದ್ದದ್ದು ಹೆಚ್ಚು ಕಮ್ಮಿ ಒಂದೇ. ಅದೇ ಪಟ್ಟೆ, ಅದೇ ಬೆಳಕು, ಅಷ್ಟೇ ಹೊತ್ತು.

ಆಮೇಲೆ ಪರೀಕ್ಷೆ. ಮರಿಯನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಮೇಜಿನ ಅಂಚಿನ ಹತ್ತಿರ ಇಳಿಸುತ್ತಾರೆ. ನಡೆದಾಡಿದ ಮರಿ ಮೇಜು ತಾಗುವ ಮೊದಲೇ ಮುಂಗಾಲು ಚಾಚುತ್ತದೆ. ಕೂತು ಸುತ್ತಿದ ಮರಿ ಚಾಚುವುದಿಲ್ಲ. ಮುಖದ ಕಡೆ ಏನಾದರೂ ರಭಸವಾಗಿ ಬಂದರೆ ಮೊದಲನೆಯದು ಕಣ್ಣು ಮಿಟುಕಿಸುತ್ತದೆ, ಎರಡನೆಯದಕ್ಕೆ ಅದರ ಪರಿವೆಯೇ ಇಲ್ಲ. ಗಾಜಿನ ಹಾಸು, ಕೆಳಗೆ ಒಂದು ಕಡೆ ಆಳ, ಒಂದು ಕಡೆ ಆಳವಿಲ್ಲ. ನಡೆದಾಡಿದ ಮರಿ ಆಳದ ಕಡೆ ಹೋಗುವುದೇ ಇಲ್ಲ. ಕೂತಿದ್ದ ಮರಿಗೆ ಎರಡೂ ಒಂದೇ.

ಕಣ್ಣಿನಲ್ಲಿ ಐಬಿರಲಿಲ್ಲ. ಕಂಡದ್ದು ಬಳಕೆಗೆ ಬರಲಿಲ್ಲ, ಅಷ್ಟೇ. 'ನಾನು ಹೆಜ್ಜೆ ಇಟ್ಟೆ, ಅದಕ್ಕೇ ಗೋಡೆ ಸರಿಯಿತು' ಅನ್ನುವ ಒಂದು ಕೊಂಡಿ ಅದರೊಳಗೆ ಬೆಳೆದಿರಲಿಲ್ಲ. ಗೋಡೆ ತನ್ನಷ್ಟಕ್ಕೆ ಸರಿಯುತ್ತಿತ್ತು, ಅದು ನೋಡುತ್ತಿತ್ತು.

ಪ್ರಾಣಿಪ್ರಿಯರು ಆಗಲೇ ಮುಖ ಸಿಂಡರಿಸಿದ್ದೀರಿ, ನಿಮ್ಮ ಸಮಾಧಾನಕ್ಕೆ ಒಂದು ಮಾತು. ಆ ಮರಿಗಳನ್ನು ಬೆಳಕಿರುವ ಕೋಣೆಯಲ್ಲಿ ಎರಡು ದಿನ ಓಡಾಡಲು ಬಿಟ್ಟರು. ಸರಿಹೋದವು. ಈ 'ಎರಡು ದಿನ' ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ.

ಬೆಕ್ಕಿನ ಕಣ್ಣಿನ ಬಗ್ಗೆ ಮಾಡಿದ ಪ್ರಯೋಗ ಮನುಷ್ಯನ ಬದುಕಿನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ, ಒಪ್ಪುತ್ತೇನೆ. ಆದರೆ ಇವತ್ತಿನ ಪ್ರಶ್ನೆಯನ್ನು ಇಷ್ಟು ಚೆನ್ನಾಗಿ ತೋರಿಸುವ ಇನ್ನೊಂದು ಚಿತ್ರ ನನಗೆ ಸಿಕ್ಕಿಲ್ಲ. ಒಂದೇ ವರ್ಷ, ಒಂದೇ ಆಫೀಸು, ಒಂದೇ ಊರು, ಒಂದೇ ಸಂಸಾರ. ಒಬ್ಬರು ಅದರಲ್ಲಿ ನಡೆಯುತ್ತಾರೆ, ಇನ್ನೊಬ್ಬರು ಸುತ್ತು ಬರುತ್ತಾರೆ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಸುತ್ತು ಬರುವವರು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸೋಮಾರಿಗಳು, ಅಲ್ವಾ? ದಿನವಿಡೀ ಸೋಫಾ ಮೇಲೆ ಬಿದ್ದುಕೊಂಡಿರುವವರು. ನನ್ನ ಪ್ರಕಾರ ಡಬ್ಬದಲ್ಲಿ ಕೂತವರಲ್ಲಿ ಜಾಸ್ತಿ ಜನ ಒಂದು ನಿಮಿಷ ಪುರುಸೊತ್ತಿಲ್ಲದವರು. ಬೆಳಗ್ಗೆ ಎದ್ದ ಕೂಡಲೇ ಮೆಸೇಜುಗಳಿಗೆ ಉತ್ತರ. ಆಮೇಲೆ ಯಾರೋ ಕರೆದ ಮೀಟಿಂಗು. ಯಾರೋ ಇಟ್ಟ ಗಡುವು. ಸಂಜೆ ಯಾರೋ ಹೇಳಿದ ಕಾರ್ಯಕ್ರಮ. ರಾತ್ರಿ ಸುಸ್ತು. ಇದೆಲ್ಲ ಕೆಲಸವೇ, ಸುಳ್ಳಲ್ಲ. ಆದರೆ ಮಲಗುವ ಮುಂಚೆ ಆ ದಿನದ ಕೆಲಸಗಳನ್ನು ಒಂದೊಂದಾಗಿ ನೆನೆಸಿಕೊಂಡು 'ಇದನ್ನು ಶುರು ಮಾಡಿದ್ದು ಯಾರು?' ಅಂತ ಕೇಳಿ ನೋಡಿ. ಎಷ್ಟು ಮಾಡಿದೆ ಅನ್ನುವ ಲೆಕ್ಕಕ್ಕಿಂತ ಈ ಪ್ರಶ್ನೆ ಜಾಸ್ತಿ ಚುರುಕು ಮುಟ್ಟಿಸುತ್ತದೆ. ಎಲ್ಲದಕ್ಕೂ 'ನಾನೇ' ಅನ್ನುವ ಉತ್ತರ ಯಾರಿಗೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ವಾರಗಟ್ಟಲೆ ಒಂದಕ್ಕೂ ಬರಲಿಲ್ಲ ಅಂದರೆ ಮಾತ್ರ ಯೋಚಿಸಬೇಕು.

ನಾವು ನಿರ್ಧಾರ ಮಾಡದೆ ಬಿಟ್ಟ ಜಾಗ ಖಾಲಿ ಉಳಿಯುತ್ತದೆ ಅಂತ ನಾವು ಅಂದುಕೊಂಡಿರುತ್ತೇವೆ. ಉಳಿಯುವುದಿಲ್ಲ. ಅಲ್ಲಿ ಇನ್ಯಾರದೋ ನಿರ್ಧಾರ ಮೊದಲೇ ಬಂದು ಕೂತಿರುತ್ತದೆ.

ಇದಕ್ಕೆ ಒಂದು ಹೆಸರಾಂತ ಉದಾಹರಣೆ ಇದೆ. ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 2003ರಲ್ಲಿ ಯುರೋಪಿನ ದೇಶಗಳಲ್ಲಿ ಅಂಗಾಂಗ ದಾನಕ್ಕೆ ಎಷ್ಟು ಜನ ಒಪ್ಪಿದ್ದಾರೆ ಅಂತ ನೋಡಿದರು. ಜರ್ಮನಿಯಲ್ಲಿ ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಅಕ್ಕಪಕ್ಕದ ದೇಶಗಳು, ಒಂದೇ ಭಾಷೆ. ಆಸ್ಟ್ರಿಯಾದವರ ಮನಸ್ಸು ಅಷ್ಟು ದೊಡ್ಡದಾ? ಹಾಗೇನಿಲ್ಲ. ಜರ್ಮನಿಯಲ್ಲಿ ದಾನ ಮಾಡುವವರು 'ಮಾಡುತ್ತೇನೆ' ಅಂತ ಬರೆದುಕೊಡಬೇಕಿತ್ತು. ಆಸ್ಟ್ರಿಯಾದಲ್ಲಿ ಬೇಡ ಅನ್ನುವವರು 'ಬೇಡ' ಅಂತ ಬರೆದುಕೊಡಬೇಕಿತ್ತು. ಎರಡೂ ಕಡೆ ಬಹುಪಾಲು ಜನ ಏನೂ ಬರೆದುಕೊಡಲಿಲ್ಲ. ಸಾವಿನಾಚೆಗಿನ ಇಷ್ಟು ದೊಡ್ಡ ವಿಷಯದಲ್ಲಿ ತೀರ್ಮಾನ ಮಾಡಿದ್ದು ಒಂದು ಫಾರಂ. (ಇದು ಕಾಗದದ ಮೇಲಿನ ಒಪ್ಪಿಗೆಯ ಲೆಕ್ಕ. ನಿಜವಾಗಿ ಎಷ್ಟು ದಾನ ನಡೆಯುತ್ತದೆ ಅನ್ನುವುದು ಆಸ್ಪತ್ರೆ, ಸಿಬ್ಬಂದಿ, ಮನೆಯವರ ಮಾತು, ಹೀಗೆ ಬೇರೆ ಬೇರೆ ಸಂಗತಿಗಳ ಮೇಲೆ ನಿಂತಿದೆ.)

ಈಗ ನಿಮ್ಮ ಕೈಯಲ್ಲಿರುವ ಫೋನು. ಒಂದು ವಿಡಿಯೋ ಮುಗಿಯುತ್ತದೆ. ಮೂಲೆಯಲ್ಲಿ ಒಂದು ಚಿಕ್ಕ ಸುತ್ತು ತುಂಬುತ್ತಾ ಬರುತ್ತದೆ. ಐದು, ನಾಲ್ಕು, ಮೂರು. ಹೆಬ್ಬೆರಳು ಅಲ್ಲೇ ಮೇಲೆ ಇದೆ, ಒತ್ತಿದರೆ ನಿಲ್ಲುತ್ತದೆ. ಒತ್ತುವುದಿಲ್ಲ. ಇನ್ನೊಂದು ಶುರುವಾಗುತ್ತದೆ. ಶುರುವಾದ ಮೇಲೆ 'ಇದೊಂದು ನೋಡಿಬಿಡೋಣ' ಅನ್ನಿಸುತ್ತದೆ. ಮೊದಲೆಲ್ಲ ಮುಂದುವರಿಸಬೇಕಾದರೆ ಕೈ ಆಡಿಸಬೇಕಿತ್ತು, ಈಗ ನಿಲ್ಲಿಸಬೇಕಾದರೆ ಕೈ ಆಡಿಸಬೇಕು. ಬದಲಾದದ್ದು ಇಷ್ಟೇ. ಕೊನೆಯೇ ಇಲ್ಲದೆ ಉರುಳುತ್ತಲೇ ಇರುವ ಪುಟವನ್ನು 2006ರಲ್ಲಿ ರೂಪಿಸಿದ್ದು ಏಜಾ ರಾಸ್ಕಿನ್ ಎಂಬ ವಿನ್ಯಾಸಕಾರ. ಆಮೇಲೆ ಅವರೇ ಅದರ ಬಗ್ಗೆ ಬಹಿರಂಗವಾಗಿ ನೊಂದು ಮಾತಾಡಿದ್ದಾರೆ. ಹಿಂದೆ ಪುಟದ ಕೊನೆ ಬಂದಾಗ 'ಇನ್ನೂ ಬೇಕಾ?' ಅಂತ ಯಾರೋ ಕೇಳಿದ ಹಾಗೆ ಆಗುತ್ತಿತ್ತು. ಆ ಪ್ರಶ್ನೆಯನ್ನೇ ಕಿತ್ತುಹಾಕಿದರು.

ಇಲ್ಲಿ ಯಾರನ್ನಾದರೂ ಬೈಯುವುದು ಸುಲಭ. ಕಂಪನಿಗಳನ್ನು ಬೈಯಬಹುದು, ಇಲ್ಲವೇ ನಮ್ಮನ್ನೇ ಬೈದುಕೊಳ್ಳಬಹುದು. ಎರಡನೆಯದರ ಬಗ್ಗೆ ನನಗೆ ದೊಡ್ಡ ತಕರಾರಿದೆ. 'ನನಗೆ ಛಲ ಇಲ್ಲ, ನನ್ನ ಸ್ವಭಾವವೇ ಹೀಗೆ' ಅಂತ ಎಷ್ಟೋ ಜನ ತಮ್ಮ ಮೇಲೆ ತಾವೇ ತೀರ್ಪು ಕೊಟ್ಟುಕೊಂಡು ಕೂತಿರುತ್ತಾರೆ. ಆ ತೀರ್ಪು ಸರಿಯಿಲ್ಲ ಅನ್ನುವುದಕ್ಕೆ ನಾನು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ.

1967ರ ಸುಮಾರಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಕೆಲವು ಪ್ರಯೋಗ ಮಾಡಿದರು. ಇದೂ ಇವತ್ತು ಓದಿದರೆ ಸಂಕಟವಾಗುವಂಥದ್ದೇ. ಕೆಲವು ನಾಯಿಗಳಿಗೆ ಶಾಕ್ ಕೊಟ್ಟಾಗ ಅದನ್ನು ನಿಲ್ಲಿಸುವ ದಾರಿ ಇತ್ತು. ಮೂತಿಯಿಂದ ಒಂದು ಹಲಗೆ ಒತ್ತಿದರೆ ಸಾಕು. ಇನ್ನು ಕೆಲವಕ್ಕೆ ಅಷ್ಟೇ ಶಾಕ್, ಆದರೆ ಏನು ಮಾಡಿದರೂ ನಿಲ್ಲುತ್ತಿರಲಿಲ್ಲ. ಮಾರನೆಯ ದಿನ ಎಲ್ಲವನ್ನೂ ಇನ್ನೊಂದು ಪೆಟ್ಟಿಗೆಗೆ ತಂದರು. ಅಲ್ಲಿ ನಡುವೆ ಒಂದು ಗಿಡ್ಡ ಅಡ್ಡಗೋಡೆ, ಹಾರಿದರೆ ಆಚೆ ಶಾಕ್ ಇಲ್ಲ. ನಿಲ್ಲಿಸುವ ದಾರಿ ಕಂಡಿದ್ದ ನಾಯಿಗಳು ಹಾರಿದವು. ಇನ್ನೊಂದು ಗುಂಪಿನಲ್ಲಿ ಬಹಳಷ್ಟು ನಾಯಿಗಳು ಹಾರಲೇ ಇಲ್ಲ. ಮಲಗಿಕೊಂಡು ಕುಂಯ್‌ಗುಟ್ಟುತ್ತಾ ಶಾಕ್ ತಿಂದವು.

ಇದಕ್ಕೆ ಅವರು 'ಕಲಿತ ಅಸಹಾಯಕತೆ' ಅಂತ ಹೆಸರಿಟ್ಟರು. ಏನು ಮಾಡಿದರೂ ಪ್ರಯೋಜನ ಇಲ್ಲ ಅನ್ನುವುದನ್ನು ನಾಯಿ ಕಲಿತುಬಿಟ್ಟಿದೆ ಅನ್ನುವುದು ಅವರ ವಿವರಣೆ. ಮನೋವಿಜ್ಞಾನದ ಪಾಠಗಳಲ್ಲಿ ಹಲವು ದಶಕ ಇದೇ ನಡೆಯಿತು.

ಐವತ್ತು ವರ್ಷ ಕಳೆದ ಮೇಲೆ ಕಥೆ ತಿರುಗಿತು. ಮೇಯರ್ ಅಷ್ಟರಲ್ಲಿ ಮಿದುಳಿನ ವಿಜ್ಞಾನಕ್ಕೆ ಹೋಗಿದ್ದರು, ಇಲಿಗಳ ಮಿದುಳಿನಲ್ಲಿ ಇದೇ ಸಂಗತಿಯನ್ನು ಬೆನ್ನು ಹತ್ತಿದ್ದರು. 2016ರಲ್ಲಿ ಅವರಿಬ್ಬರೂ ಸೇರಿ ತಮ್ಮ ಹಳೆಯ ವಿವರಣೆ ತಲೆಕೆಳಗಾಗಿತ್ತು ಅಂತ ಬರೆದರು. ಬಹಳ ಹೊತ್ತು ಎಡೆಬಿಡದೆ ಕಷ್ಟ ಬಂದಾಗ ಮುದುಡಿಕೊಂಡು ಸುಮ್ಮನಾಗುವುದು ಪ್ರಾಣಿಯ ಮೂಲ ಪ್ರತಿಕ್ರಿಯೆ. ಅದನ್ನು ಯಾರೂ ಕಲಿಸಬೇಕಾಗಿಲ್ಲ. ಮಿದುಳಿನ ಬುಡದ ಒಂದು ಪುಟ್ಟ ಭಾಗ ಅದನ್ನು ತಾನಾಗಿಯೇ ನಡೆಸುತ್ತದೆ. ಕಲಿಯಬೇಕಾದದ್ದು ಇದರ ಎದುರಿನದು: 'ನಾನು ಮಾಡಿದ್ದಕ್ಕೆ ಏನೋ ಆಯಿತು' ಅನ್ನುವುದು. ಹಣೆಯ ಹಿಂದಿರುವ ಮಿದುಳಿನ ಮುಂಭಾಗ ಇದನ್ನು ಗುರುತಿಸುತ್ತದೆ. ಗುರುತಿಸಿದಾಗ ಕೆಳಗಿನ ಆ ಭಾಗವನ್ನು ತಡೆಯುತ್ತದೆ.

ಐವತ್ತು ವರ್ಷ ತಮ್ಮ ಹೆಸರನ್ನೇ ಹೊತ್ತು ನಡೆದ ಸಿದ್ಧಾಂತವನ್ನು ತಾವೇ ತಿರುಗಿಸಿ ಹಾಕಿದ್ದಕ್ಕೆ ನನಗೆ ಅವರ ಮೇಲೆ ಗೌರವ ಇದೆ. ಅದು ಹಾಗಿರಲಿ. ನಮಗೆ ಇದರಲ್ಲಿ ಏನಿದೆ? ಸುಮ್ಮನೆ ಕೂರುವುದು ನಿಮ್ಮ ಗುಣದೋಷ ಅಲ್ಲ, ಎಲ್ಲರೂ ಶುರು ಮಾಡುವ ಜಾಗ ಅದು. ಮತ್ತೆ, ಅಲ್ಲಿಂದ ಏಳುವುದಕ್ಕೆ ಬೇಕಾದದ್ದು ಉಪದೇಶ ಅಲ್ಲ.

ಯಾಕೆಂದರೆ ಆ ನಾಯಿಗಳಿಗೂ ಮೊದಲು 'ಉಪದೇಶ'ವನ್ನೇ ಮಾಡಿ ನೋಡಿದರು. ಆಚೆ ಬದಿಯಿಂದ ಕರೆದರು. ತಿಂಡಿ ಇಟ್ಟು ಆಸೆ ತೋರಿಸಿದರು. ಬರಲಿಲ್ಲ. ಕೊನೆಗೆ ಕೊರಳಿಗೆ ಹಗ್ಗ ಹಾಕಿ ಆಚೆ ಎಳೆದರು. ಒಂದೆರಡು ಸಲ ಅಲ್ಲ, ಹತ್ತಾರು ಸಲ. ಮೊದಮೊದಲು ತೂಕದ ಮೂಟೆಯ ಹಾಗೆ ಎಳೆಯಬೇಕಿತ್ತು. ಆಮೇಲಾಮೇಲೆ ಹಗ್ಗದ ಬಿಗಿ ಕಡಿಮೆಯಾಯಿತು. ಕೊನೆಗೆ ತಾವೇ ಹಾರಿದವು. ಅವುಗಳ ಕಾಲೇ ಅವಕ್ಕೆ ಹೇಳಿಕೊಡಬೇಕಾಯಿತು. ಸ್ಫೂರ್ತಿ ತುಂಬುವ ಭಾಷಣಗಳ ಬಗ್ಗೆ ನನಗೆ ಅನುಮಾನ ಇರುವುದು ಈ ಕಾರಣಕ್ಕೇ. ನಾನೂ ಇವತ್ತು ಭಾಷಣವನ್ನೇ ಮಾಡುತ್ತಿದ್ದೇನೆ, ಅದೂ ಗೊತ್ತು.

ಇನ್ನೊಂದು ತೊಡಕಿದೆ. ಕೂತು ಸುತ್ತುವುದು ಹಿತವಾಗಿರುತ್ತದೆ. ಅಷ್ಟೇ ಅಲ್ಲ, ಎಲ್ಲ ಸರಿಯಾಗಿ ನಡೆಯುತ್ತಿದೆ ಅನ್ನುವ ಭಾವನೆಯನ್ನೂ ಕೊಡುತ್ತದೆ. ಇದನ್ನು ಓದಿನಲ್ಲಿ ಚೆನ್ನಾಗಿ ನೋಡಬಹುದು. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪುಟ್ಟ ಪಾಠ ಕೊಟ್ಟರು. ಒಂದು ಗುಂಪು ಅದನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಮಿಕ್ಕ ಸರದಿಗಳಲ್ಲಿ ಪುಸ್ತಕ ಮುಚ್ಚಿ ನೆನಪಿದ್ದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ಅವರು ಶೇ. 83 ನೆನಪಿಟ್ಟಿದ್ದರು, ಬರೆದವರು ಶೇ. 71. ಒಂದು ವಾರ ಬಿಟ್ಟು ನೋಡಿದರೆ ಓದಿದವರು ಶೇ. 40ಕ್ಕೆ ಇಳಿದಿದ್ದರು. ಬರೆದವರು ಶೇ. 61ರಲ್ಲಿದ್ದರು. ತಮಾಷೆ ಅಂದರೆ, ಚೆನ್ನಾಗಿ ನೆನಪಿರುತ್ತದೆ ಅನ್ನುವ ನಂಬಿಕೆ ಜಾಸ್ತಿ ಇದ್ದದ್ದು ಓದುತ್ತಲೇ ಇದ್ದವರಿಗೆ. ನೆನಪಿನಿಂದ ತಡವರಿಸುತ್ತಾ ಬರೆದವರಿಗೆ ತಮ್ಮ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹಾಗಾಗಿ ಏನನ್ನಾದರೂ ಮಾಡುವಾಗ ಸ್ವಲ್ಪ ಎಡವುತ್ತಿದ್ದೀರಿ, ಮುಜುಗರ ಆಗುತ್ತಿದೆ ಅಂದರೆ ಗಾಬರಿ ಬೇಡ. ಎಡವಬೇಕಾದರೆ ಕಾಲು ನೆಲದ ಮೇಲೇ ಇರಬೇಕಲ್ಲ.

ಸರಿ, ಈಗೇನು ಮಾಡೋಣ? ಬೆಳಗ್ಗಿಂದ ರಾತ್ರಿವರೆಗೆ ಪ್ರತಿಯೊಂದನ್ನೂ ಯೋಚಿಸಿ ಯೋಚಿಸಿ ಮಾಡೋಣವಾ? ಖಂಡಿತ ಬೇಡ, ತಲೆ ಕೆಟ್ಟುಹೋಗುತ್ತದೆ. ವೆಂಡಿ ವುಡ್ ಮತ್ತು ಜೊತೆಗಾರರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ದಿನನಿತ್ಯದ ಕೆಲಸಗಳಲ್ಲಿ ಸುಮಾರು ಶೇ. 43 ಬರೀ ಅಭ್ಯಾಸಬಲದಿಂದ, ಮನಸ್ಸು ಬೇರೆಲ್ಲೋ ಇರುವಾಗ ನಡೆಯುತ್ತಿದ್ದವು. ನಡೆಯಲಿ ಬಿಡಿ. ಹಲ್ಲುಜ್ಜುವಾಗ ಪೂರ್ಣ ಪ್ರಜ್ಞೆಯಿಂದ ಹಲ್ಲುಜ್ಜಬೇಕು ಅನ್ನುವವರ ಪಂಗಡದವನಲ್ಲ ನಾನು. ಅಭ್ಯಾಸ ಇರುವುದರಿಂದಲೇ ತಲೆ ಬೇರೆ ಕೆಲಸಕ್ಕೆ ಖಾಲಿ ಸಿಗುತ್ತದೆ. ಯಾವುದನ್ನು ಅಭ್ಯಾಸಕ್ಕೆ ಬಿಡಬೇಕು, ಯಾವುದನ್ನು ಬಿಡಬಾರದು ಅನ್ನುವುದನ್ನು ಮಾತ್ರ ನೀವು ಆರಿಸಬೇಕು. ಉಳಿತಾಯದ ಹಣ ಸಂಬಳ ಬಂದ ದಿನವೇ ತಾನಾಗಿ ಕಡಿತ ಆಗುವ ಹಾಗೆ ನೀವೇ ಒಂದು ಸಲ ಮಾಡಿಟ್ಟರೆ, ಆಮೇಲೆ ಅದರ ವಿಷಯದಲ್ಲಿ ನೀವು ಎಷ್ಟು ಬೇಕಾದರೂ ಸೋಮಾರಿ ಆಗಬಹುದು. ಹಾಗೆಯೇ ಆ ವಿಡಿಯೋ ತಾನಾಗಿ ಶುರುವಾಗುವುದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ನಿಲ್ಲಿಸಬಹುದು. ಪ್ರತಿ ರಾತ್ರಿ ಮನಸ್ಸಿನ ಜೊತೆ ಕುಸ್ತಿ ಆಡುವುದಕ್ಕಿಂತ ಅದು ಅಗ್ಗ.

ಆರಿಸಿಕೊಂಡದ್ದನ್ನು ಮಾಡುವುದು ಹೇಗೆ? ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ, ವ್ಯಾಯಾಮದ ಬಗ್ಗೆ. ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಎರಡನೆಯ ಗುಂಪಿಗೆ ವ್ಯಾಯಾಮದಿಂದ ಹೃದಯಕ್ಕೆ ಎಷ್ಟು ಒಳ್ಳೆಯದು ಅಂತ ಓದಲು ಕೊಟ್ಟರು. ಮೂರನೆಯ ಗುಂಪಿಗೆ ಅದನ್ನು ಓದಲು ಕೊಟ್ಟು, ಜೊತೆಗೆ ಒಂದು ವಾಕ್ಯ ತುಂಬಿಸಿದರು: ಮುಂದಿನ ವಾರ ಇಂಥ ದಿನ, ಇಷ್ಟು ಗಂಟೆಗೆ, ಇಂಥ ಜಾಗದಲ್ಲಿ ಇಪ್ಪತ್ತು ನಿಮಿಷ ವ್ಯಾಯಾಮ ಮಾಡುತ್ತೇನೆ. ವ್ಯಾಯಾಮ ಮಾಡಿದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯದರಲ್ಲಿ ಶೇ. 35, ಮೂರನೆಯದರಲ್ಲಿ ಶೇ. 91. ಬರೀ ಉಪದೇಶ ಕೇಳಿದವರು ಏನೂ ಕೇಳದವರಿಗಿಂತ ಮೇಲೇನೂ ಇರಲಿಲ್ಲ. 'ಇನ್ನು ಮೇಲೆ ಚೆನ್ನಾಗಿ ಬದುಕಬೇಕು' ಅನ್ನುವ ಸಂಕಲ್ಪಕ್ಕೆ ಗಂಟೆಯೂ ಇಲ್ಲ, ಜಾಗವೂ ಇಲ್ಲ. ಅದಕ್ಕೇ ಅದು ಯಾವತ್ತೂ ಶುರುವಾಗುವುದಿಲ್ಲ.

ದೊಡ್ಡ ನಿರ್ಧಾರಗಳ ವಿಷಯ ಬೇರೆ. ಕೆಲಸ ಬಿಡಲಾ ಬೇಡವಾ, ಮತ್ತೆ ಓದಲು ಹೋಗಲಾ ಬೇಡವಾ ಅಂತ ವರ್ಷಗಟ್ಟಲೆ ಮೀನಮೇಷ ಎಣಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಷಿಕಾಗೋದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇಂಥವರಿಗಾಗಿ ಒಂದು ವಿಚಿತ್ರ ಕೆಲಸ ಮಾಡಿದರು. ತೀರ್ಮಾನಕ್ಕೆ ಬರಲಾಗದವರು ಬಂದು ಅವರ ಅಂತರ್ಜಾಲ ತಾಣದಲ್ಲಿ ನಾಣ್ಯ ಚಿಮ್ಮಬಹುದಿತ್ತು. ಒಂದು ಮುಖ ಬಿದ್ದರೆ ಬದಲಾಯಿಸು, ಇನ್ನೊಂದು ಬಿದ್ದರೆ ಇದ್ದ ಹಾಗೇ ಇರು. ಸಾವಿರಾರು ಜನ ಚಿಮ್ಮಿದರು. ನಾಣ್ಯದ ಮಾತನ್ನು ಎಲ್ಲರೂ ಕೇಳಲಿಲ್ಲ, ಆದರೆ 'ಬದಲಾಯಿಸು' ಬಿದ್ದವರು ಬದಲಾಯಿಸಿದ್ದು ಜಾಸ್ತಿ. ದೊಡ್ಡ ನಿರ್ಧಾರಗಳಲ್ಲಿ ಬದಲಾಯಿಸಿದವರು ಆರು ತಿಂಗಳ ನಂತರ ಹೆಚ್ಚು ನೆಮ್ಮದಿಯಾಗಿದ್ದರು. ಇದನ್ನು ಕೇಳಿ ನಾಳೆಯೇ ರಾಜೀನಾಮೆ ಬರೆಯಬೇಡಿ. ಅಲ್ಲಿಗೆ ಬಂದವರೆಲ್ಲ ಮೊದಲೇ ಎರಡು ಮನಸ್ಸಿನಲ್ಲಿದ್ದವರು. ಎರಡೂ ಕಡೆ ತೂಕ ಸಮ ಅನ್ನಿಸಿದಾಗ ನಾವು ಇದ್ದಲ್ಲೇ ಇರುವ ಕಡೆಗೆ ಜಾಸ್ತಿ ವಾಲುತ್ತೇವೆ, ಅಷ್ಟನ್ನು ಇದರಿಂದ ತೆಗೆದುಕೊಳ್ಳಬಹುದು.

ನನ್ನ ಹೊತ್ತು ಮುಗಿಯಿತು, ಪ್ರಶ್ನೆ ಇದ್ದರೆ ಕೇಳಿ ಅಂದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. "ಸರ್, ಹಾಗಾದ್ರೆ ಸುಮ್ನೆ ಕೂತು ಒಂದು ಸಿನಿಮಾ ನೋಡೋದೂ ತಪ್ಪಾ?"

ಯಾಕೆ ತಪ್ಪು? ಈ ಸಿನಿಮಾ ನೋಡಬೇಕು ಅಂತ ಆರಿಸಿ, ಕೂತು, ನೋಡಿ, ಎದ್ದು ಹೋದರೆ ಅದರಲ್ಲಿ ಕೂತು ಸುತ್ತಿದ್ದು ಎಲ್ಲಿ ಬಂತು? ಮಧ್ಯಾಹ್ನ ಮಲಗಬೇಕು ಅಂತ ಮಲಗಿದವರ ಮೇಲೂ ನನಗೆ ದೂರಿಲ್ಲ. ಏನೋ ಹುಡುಕಲು ಫೋನ್ ತೆಗೆದು, ಒಂದು ಗಂಟೆಯ ನಂತರ ಏನು ಹುಡುಕುತ್ತಿದ್ದೆ ಅನ್ನುವುದೇ ಮರೆತುಹೋಗಿರುತ್ತದಲ್ಲ, ನನ್ನ ಮಾತು ಅದರ ಬಗ್ಗೆ.

ಎರಡನೆಯ ಪ್ರಶ್ನೆ ಕಷ್ಟದ್ದು. ಮಧ್ಯವಯಸ್ಸಿನ ಒಬ್ಬ ಹೆಂಗಸು ಕೇಳಿದರು. "ನಮ್ಮ ಅಮ್ಮ ಹಾಸಿಗೆ ಹಿಡಿದಿದ್ದಾರೆ. ನೋಡ್ಕೊಳ್ಳೋದು ನಾನೊಬ್ಬಳೇ. ಅವರು ಎದ್ದಾಗ ನಾನು ಏಳಬೇಕು, ಅವರು ಮಲಗಿದಾಗ ನಾನು ಮಲಗಬೇಕು. ಆರಿಸಿಕೊಳ್ಳಿ ಅಂತೀರಲ್ಲ, ನನಗೆ ಆರಿಸಿಕೊಳ್ಳೋಕೆ ಏನಿದೆ?"

ಇದಕ್ಕೆ ಜಾಣ ಉತ್ತರ ಕೊಡುವ ಧೈರ್ಯ ನನಗಿಲ್ಲ ಅಂದೆ. ಅವರಿಗೆ ಬೇಕಾದದ್ದು ವಾರದಲ್ಲಿ ಒಂದಷ್ಟು ಹೊತ್ತು ಅವರ ಜಾಗದಲ್ಲಿ ಕೂರುವ ಇನ್ನೊಬ್ಬ ಮನುಷ್ಯ. ಉಪನ್ಯಾಸ ಅಲ್ಲ. ಆ ಸಹಾಯವನ್ನು ನೆಂಟರ ಹತ್ತಿರ ಬಾಯಿಬಿಟ್ಟು ಕೇಳಿ, 'ಯಾರಾದರೂ ಬರಬಹುದು' ಅಂತ ಕಾಯಬೇಡಿ, ಇಂಥ ದಿನ ಇಷ್ಟು ಗಂಟೆಗೆ ಬನ್ನಿ ಅಂತ ಕೇಳಿ ಅಂದೆ. ಆಮೇಲೆ ಒಂದು ಅಧ್ಯಯನ ನೆನಪಾಯಿತು, ಅದನ್ನೂ ಹೇಳಿದೆ. ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ 1976ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಒಂದು ಮಹಡಿಯವರಿಗೆ 'ನಿಮ್ಮ ಕೋಣೆ ಹೇಗಿರಬೇಕು ಅನ್ನುವುದು ನಿಮಗೆ ಬಿಟ್ಟದ್ದು' ಅಂದರು. ಒಂದು ಗಿಡ ಆರಿಸಿಕೊಂಡು ತಾವೇ ನೋಡಿಕೊಳ್ಳಲು ಹೇಳಿದರು, ಸಿನಿಮಾ ಯಾವ ರಾತ್ರಿ ನೋಡುತ್ತೀರಿ ಅಂತ ಕೇಳಿದರು. ಇನ್ನೊಂದು ಮಹಡಿಯವರಿಗೂ ಗಿಡ ಕೊಟ್ಟರು, ಸಿನಿಮಾ ತೋರಿಸಿದರು. ಆದರೆ ಗಿಡಕ್ಕೆ ನೀರು ಹಾಕುವುದು ನರ್ಸ್, ಸಿನಿಮಾದ ದಿನ ಗೊತ್ತು ಮಾಡುವುದೂ ಬೇರೆಯವರು. ಕೆಲವೇ ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಲವಲವಿಕೆಯಿಂದ ಇದ್ದರು. ಚಿಕ್ಕ ಅಧ್ಯಯನ, ಅದರ ಮೇಲೆ ದೊಡ್ಡ ಕಟ್ಟಡ ಕಟ್ಟಲಾಗದು. ಆದರೂ ನಿಮ್ಮಮ್ಮನಿಗೆ ದಿನದಲ್ಲಿ ಒಂದೆರಡು ವಿಷಯ ಆರಿಸಲು ಬಿಟ್ಟರೆ ನಷ್ಟವೇನಿಲ್ಲ ಅಲ್ವಾ ಅಂದೆ.

ಅವರು ಸ್ವಲ್ಪ ಯೋಚಿಸಿದರು. "ಬಟ್ಟೆ ನಾನೇ ತೆಗೆದಿಡ್ತೀನಿ. ನಾಳೆಯಿಂದ ಎರಡು ತೆಗೆದು ತೋರಿಸಬಹುದು. ಆದ್ರೆ ನೋಡಿ, ಅವರು ದಿನಾ ಆ ಹಳೇ ನೀಲಿ ಸೀರೇನೇ ಬೇಕು ಅಂತಾರೆ. ಒಗೆಯೋಕೂ ಬಿಡಲ್ಲ."

ಸಭೆಯೆಲ್ಲ ನಕ್ಕಿತು, ಅವರೂ ನಕ್ಕರು. ಬಿಡದಿದ್ದರೆ ಅದೂ ಒಳ್ಳೆಯ ಲಕ್ಷಣವೇ ಅಂದೆ.